ಏಳು ಗಂಟೆ ಎರಡು ನಿಮಿಷ: ಪರ್ಲ್ ಹಾರ್ಬರ್ ಪಾಠವನ್ನು ಮಕ್ಕಳ ಮುಂದಿಡುವ ಬಗೆ

ತರಗತಿ ಶುರುವಾಗುತ್ತಲೇ ಒಬ್ಬ ಹುಡುಗನ ಕೈಗೆ ಅಂಟಿಸಿದ ಲಕೋಟೆಯೊಂದನ್ನು ಕೊಟ್ಟು ಹೊರಗೆ ಕಳಿಸುತ್ತೇನೆ. ಅವನು ಗ್ರಂಥಾಲಯದಲ್ಲಿ ಕೂತಿರಬೇಕು, ಎರಡನೆಯ ಪೀರಿಯಡ್ ಮುಗಿಯಲು ಐದು ನಿಮಿಷ ಇರುವಾಗ ಅದನ್ನು ತಂದು ಕೊಡಬೇಕು, ಅದಕ್ಕೆ ಮೊದಲು ಬರಕೂಡದು. ಉಳಿದ ಮಕ್ಕಳಿಗೆ ಲಕೋಟೆಯ ಸುದ್ದಿ ಹೇಳುವುದಿಲ್ಲ. ಆಮೇಲೆ ಕರಿಹಲಗೆಯ ಮೇಲೆ ದೊಡ್ಡದಾಗಿ 7:02 ಎಂದು ಬರೆದು ಪಾಠ ಆರಂಭಿಸುತ್ತೇನೆ.

ಹಿಂದೆ ಹಲವು ವರ್ಷ ಈ ಪಾಠವನ್ನು ನಾನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. 1941ರ ಡಿಸೆಂಬರ್ 7ರಂದು ಜಪಾನ್ ಯಾವ ಮುನ್ಸೂಚನೆಯೂ ಇಲ್ಲದೆ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ದಾಳಿ ಮಾಡಿತು. ಮರುದಿನ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಮೇಡಂ, ಅಷ್ಟು ದೊಡ್ಡ ಹಡಗುಗಳು ಬಂದದ್ದು ಯಾರಿಗೂ ಕಾಣಲಿಲ್ಲವೇ?' ಎಂದು ಕೇಳಿದಳು. 'ಕಾಣಲಿಲ್ಲ, ಅದಕ್ಕೇ ಅದು ಅನಿರೀಕ್ಷಿತ ದಾಳಿ' ಎಂದುಬಿಟ್ಟೆ. ಆ ಉತ್ತರ ತಪ್ಪು ಎಂದು ತಿಳಿದದ್ದು ಆಮೇಲೆ ಕೂತು ಓದಿದಾಗ. ಕಂಡವರು ಇದ್ದರು. ಕಂಡದ್ದನ್ನು ಹೇಳಿದವರೂ ಇದ್ದರು. ಹೇಳಿದ್ದು ಎಲ್ಲಿ ಹೋಗಿ ಇಂಗಿತು ಎಂಬುದೇ ಈ ಪಾಠದ ಜೀವಾಳ. ಅದನ್ನು ಬಿಟ್ಟು ಹಡಗು, ಬಾಂಬು, ಸತ್ತವರ ಸಂಖ್ಯೆಗಳನ್ನು ಎಷ್ಟು ಹೇಳಿದರೂ ಮಕ್ಕಳಿಗೆ ಸಿಗುವುದು ಒಂದು ಸಿನಿಮಾ ದೃಶ್ಯ ಮಾತ್ರ.

ಕರಿಹಲಗೆಯ ಮೇಲಿನ ಆ 7:02ಕ್ಕೆ ಬರೋಣ.

ಹವಾಯಿಯ ಒವಾಹು ದ್ವೀಪದ ಉತ್ತರ ತುದಿಯಲ್ಲಿ ಒಪಾನಾ ಎಂಬ ಜಾಗದಲ್ಲಿ ಸೇನೆಯ ಒಂದು ರೇಡಾರ್ ಇತ್ತು. ರೇಡಾರ್ ಆಗ ಹೊಸ ಯಂತ್ರ. ಬೆಳಗಿನ ನಾಲ್ಕರಿಂದ ಏಳರ ತನಕ ಮಾತ್ರ ಅದನ್ನು ನಡೆಸಬೇಕೆಂದು ಆದೇಶ. ಆ ಭಾನುವಾರ ಅಲ್ಲಿದ್ದವರು ಜೋಸೆಫ್ ಲಾಕಾರ್ಡ್ ಮತ್ತು ಜಾರ್ಜ್ ಎಲಿಯಟ್ ಎಂಬ ಇಬ್ಬರು ಸಾಮಾನ್ಯ ಸೈನಿಕರು. ಏಳು ಹೊಡೆಯಿತು. ತಿಂಡಿಗೆ ಕರೆದೊಯ್ಯಬೇಕಿದ್ದ ಲಾರಿ ಬರಲಿಲ್ಲ. ಎಲಿಯಟ್‌ಗೆ ಕೆಲಸ ಕಲಿಯುವ ಆಸೆ. ಲಾರಿ ಬರುವವರೆಗೆ ಯಂತ್ರ ನಡೆಯುತ್ತಿರಲಿ ಎಂದುಕೊಂಡರು. 7:02ಕ್ಕೆ ಪರದೆಯ ಮೇಲೆ ಇಬ್ಬರೂ ಹಿಂದೆಂದೂ ಕಾಣದಷ್ಟು ದೊಡ್ಡ ಗುರುತು ಮೂಡಿತು. ಉತ್ತರಕ್ಕೆ 130 ಮೈಲಿಗಿಂತ ತುಸು ಹೆಚ್ಚು ದೂರದಲ್ಲಿ ವಿಮಾನಗಳ ದೊಡ್ಡ ಗುಂಪೊಂದು ದ್ವೀಪದ ಕಡೆಗೆ ಬರುತ್ತಿತ್ತು. ಮೊದಲು ಯಂತ್ರವೇ ಕೆಟ್ಟಿರಬೇಕೆಂದು ಲಾಕಾರ್ಡ್ ಭಾವಿಸಿದ. ಕೆಟ್ಟಿರಲಿಲ್ಲ. ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿದರು.

ಅಲ್ಲಿದ್ದ ಅಧಿಕಾರಿ ಕರ್ಮಿಟ್ ಟೈಲರ್. ಅವನು ವಿಮಾನ ಚಾಲಕ. ಈ ಕೇಂದ್ರದ ಕೆಲಸ ಅವನಿಗೆ ಹೊಸದು. ಕೇಂದ್ರದ ಉಳಿದ ಸಿಬ್ಬಂದಿಯಲ್ಲಿ ಹೆಚ್ಚಿನವರು ಏಳಕ್ಕೇ ಎದ್ದು ಹೋಗಿದ್ದರು. ಅವನಿಗೆ ಒಂದು ಸಂಗತಿ ಗೊತ್ತಿತ್ತು: ರಾತ್ರಿಯಿಡೀ ಹೊನೊಲುಲುವಿನ ರೇಡಿಯೊ ಕೇಂದ್ರ ಹವಾಯಿ ಸಂಗೀತ ಹಾಕುತ್ತಿದ್ದರೆ, ಅಮೆರಿಕದ ಮುಖ್ಯಭೂಮಿಯಿಂದ ಬಾಂಬರ್ ವಿಮಾನಗಳು ಬರುತ್ತಿವೆ ಎಂದರ್ಥ, ಆ ಸಂಗೀತದ ಅಲೆ ಹಿಡಿದೇ ಅವು ದಾರಿ ಕಾಣುತ್ತಿದ್ದವು. ಅಂದು ಬೆಳಗಿನ ಜಾವ ಕೆಲಸಕ್ಕೆ ಬರುವಾಗ ಅವನು ಕಾರಿನಲ್ಲಿ ಆ ಸಂಗೀತ ಕೇಳಿದ್ದ. ಕ್ಯಾಲಿಫೋರ್ನಿಯಾದಿಂದ ಬಿ-17 ವಿಮಾನಗಳು ನಿಜಕ್ಕೂ ಬರುತ್ತಿದ್ದವು, ಹೆಚ್ಚು ಕಡಿಮೆ ಅದೇ ದಿಕ್ಕಿನಿಂದ. ಅದು ಗುಟ್ಟಿನ ವಿಷಯವಾದ್ದರಿಂದ ಫೋನಿನಲ್ಲಿ ಬಿಡಿಸಿ ಹೇಳುವಂತಿರಲಿಲ್ಲ. ಹಾಗಾಗಿ ಅವನು ಹೇಳಿದ್ದು ಇಷ್ಟೇ: ಅದರ ಬಗ್ಗೆ ಚಿಂತೆ ಬೇಡ.

ಇಲ್ಲಿ ನಾನು ನಿಲ್ಲಿಸಿ, 'ನೀವು ಟೈಲರ್ ಆಗಿದ್ದರೆ ಏನು ಹೇಳುತ್ತಿದ್ದಿರಿ?' ಎಂದು ಚೀಟಿಯಲ್ಲಿ ಬರೆಸುತ್ತೇನೆ. ದಾಳಿಯ ಕಥೆ ಪೂರ್ತಿ ಕೇಳಿದ ಮೇಲೆ ಈ ಪ್ರಶ್ನೆ ಹಾಕಿದರೆ ಪ್ರತಿ ಮಗುವೂ 'ತಕ್ಷಣ ಎಚ್ಚರಿಕೆ ಗಂಟೆ ಬಾರಿಸುತ್ತಿದ್ದೆ' ಎಂದೇ ಬರೆಯುತ್ತದೆ. ಏನಾಯಿತೆಂದು ಹೇಳುವ ಮೊದಲೇ ಕೇಳಿದರೆ ಮುಕ್ಕಾಲು ತರಗತಿ ಟೈಲರ್ ಹೇಳಿದ್ದನ್ನೇ ಬರೆಯುತ್ತದೆ. ಆ ಚೀಟಿಗಳನ್ನು ಮೇಜಿನ ಮೇಲೆ ಗುಡ್ಡೆ ಹಾಕಿ ಹಾಗೆಯೇ ಬಿಡುತ್ತೇನೆ. ಯಾರ ತಪ್ಪನ್ನೂ ಎತ್ತಿ ಆಡುವುದಿಲ್ಲ. ಕೊನೆಗೆ ಮಕ್ಕಳೇ ಆ ಗುಡ್ಡೆಯ ಕಡೆಗೆ ಕಣ್ಣು ಹಾಯಿಸುತ್ತಾರೆ.

ಸಂಗೀತದ ಬಗ್ಗೆ ಒಂದು ಮಾತು ಬಾಕಿ ಇದೆ. ಅದೇ ಹೊನೊಲುಲು ಕೇಂದ್ರದ ಅದೇ ಹಾಡುಗಳ ಜಾಡು ಹಿಡಿದು ಇನ್ನೊಂದು ಗುಂಪು ವಿಮಾನಗಳೂ ದಾರಿ ನೋಡಿಕೊಳ್ಳುತ್ತಿದ್ದವು. ಅವು ಜಪಾನಿನವು.

ಎಣ್ಣೆಯ ಲೆಕ್ಕ

ಜಪಾನ್ ಯಾಕೆ ಇಷ್ಟು ದೂರ ಬಂತು ಎಂದು ಕೇಳಿದರೆ ಮಕ್ಕಳ ಉತ್ತರ ಸಾಮಾನ್ಯವಾಗಿ 'ದುರಾಸೆ' ಎಂದಿರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಭೂಪಟ ಬಿಡಿಸಿ ಎಣ್ಣೆಯ ಲೆಕ್ಕ ಹೇಳಬೇಕು.

1937ರಿಂದ ಜಪಾನ್ ಚೀನಾದಲ್ಲಿ ಯುದ್ಧ ಮಾಡುತ್ತಿತ್ತು. ಆ ಯುದ್ಧಕ್ಕೆ ಬೇಕಾದ ಎಣ್ಣೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಬರುತ್ತಿದ್ದದ್ದು ಅಮೆರಿಕದಿಂದ. 1941ರ ಜುಲೈನಲ್ಲಿ ಜಪಾನ್ ಸೇನೆ ಫ್ರೆಂಚರ ವಸಾಹತಾಗಿದ್ದ ಇಂಡೊಚೀನಾದ ದಕ್ಷಿಣ ಭಾಗಕ್ಕೂ ಕಾಲಿಟ್ಟಾಗ ಅಮೆರಿಕ ತನ್ನಲ್ಲಿದ್ದ ಜಪಾನಿನ ಹಣವನ್ನು ತಡೆಹಿಡಿಯಿತು. ಅದರ ಬೆನ್ನಿಗೆ ಎಣ್ಣೆ ಸರಬರಾಜು ನಿಂತಿತು. ಜಪಾನಿನ ಬಳಿ ಉಳಿದ ದಾಸ್ತಾನು ಎರಡು ವರ್ಷಕ್ಕೂ ಸಾಲದಷ್ಟು. ಚೀನಾದಿಂದ ಹಿಂದೆ ಸರಿಯಬೇಕು, ಇಲ್ಲವೇ ಎಣ್ಣೆ ಇರುವ ಕಡೆಗೆ ನುಗ್ಗಬೇಕು. ಎಣ್ಣೆ ಇದ್ದದ್ದು ಡಚ್ಚರ ಕೈಯಲ್ಲಿದ್ದ ಇಂದಿನ ಇಂಡೊನೇಷ್ಯಾದಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಬ್ರಿಟಿಷರ ಮಲಯ ಮತ್ತು ಸಿಂಗಾಪುರ, ಅಮೆರಿಕದ ಫಿಲಿಪೀನ್ಸ್. ಇದನ್ನೆಲ್ಲ ಹಿಡಿಯುವಷ್ಟು ಹೊತ್ತು ಅಮೆರಿಕದ ಪೆಸಿಫಿಕ್ ನೌಕಾಪಡೆ ಅಡ್ಡ ಬರಬಾರದು. ಆ ನೌಕಾಪಡೆಯನ್ನು ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ತಂದು ನಿಲ್ಲಿಸಿದ್ದು 1940ರಲ್ಲಿ, ಜಪಾನನ್ನು ಹೆದರಿಸಿ ಸುಮ್ಮನಿರಿಸಲು. ಹೆದರಿಸಲು ಇಟ್ಟದ್ದೇ ಗುರಿಯಾಯಿತು.

ಯೋಜನೆಯ ಹಿಂದಿದ್ದ ಅಡ್ಮಿರಲ್ ಇಸೊರೊಕು ಯಮಾಮೊಟೊ ಅಮೆರಿಕದಲ್ಲಿ ಓದಿ, ವಾಷಿಂಗ್ಟನ್ನಿನಲ್ಲಿ ಕೆಲಸ ಮಾಡಿದ್ದವನು. ಆ ದೇಶದ ಕಾರ್ಖಾನೆಗಳ ಬಲ ಕಣ್ಣಾರೆ ಕಂಡವನು. ಮೊದಲ ಆರು ತಿಂಗಳೋ ಒಂದು ವರ್ಷವೋ ಅಬ್ಬರಿಸಬಲ್ಲೆ, ಅದರಾಚೆಗೆ ಭರವಸೆ ಇಲ್ಲ ಎಂದು ಪ್ರಧಾನಿ ಕೊನೊಯೆಗೆ ಮೊದಲೇ ಹೇಳಿದ್ದ. ಗೆಲ್ಲುವ ನಂಬಿಕೆ ಇಲ್ಲದವನೇ ಅತ್ಯಂತ ಸಾಹಸದ ಯೋಜನೆ ಹಾಕಿದ ಎಂಬುದು ಮಕ್ಕಳಿಗೆ ವಿಚಿತ್ರವಾಗಿ ಕಾಣುತ್ತದೆ. ನನಗೂ ಕಾಣುತ್ತದೆ.

ಯಮಾಮೊಟೊ ಹೆಸರು ಬಂದಾಗ ಒಂದು ಎಚ್ಚರ ಬೇಕು. ನಿದ್ರಿಸುತ್ತಿದ್ದ ದೈತ್ಯನನ್ನು ಎಬ್ಬಿಸಿಬಿಟ್ಟೆವು ಎಂದು ದಾಳಿಯ ನಂತರ ಅವನು ಹೇಳಿದನೆಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತಿರುತ್ತದೆ. ಅವನು ಹಾಗೆ ಹೇಳಿದ್ದಕ್ಕಾಗಲಿ ಬರೆದದ್ದಕ್ಕಾಗಲಿ ಆಧಾರ ಸಿಕ್ಕಿಲ್ಲ. ಆ ಮಾತು ಜನಪ್ರಿಯವಾದದ್ದು 1970ರ ಒಂದು ಚಲನಚಿತ್ರದಿಂದ. ಅದನ್ನು ತೋರಿಸಿ, ಮೂಲ ಹುಡುಕುವುದು ಹೇಗೆಂದು ಹೇಳಿಕೊಡಲು ಒಂದು ಪೀರಿಯಡ್ ಪೂರ್ತಿ ಖರ್ಚು ಮಾಡಿದರೂ ನಷ್ಟವಿಲ್ಲ.

ನಲವತ್ತು ಅಡಿ ನೀರು

ದಾಳಿಯ ಯಂತ್ರವಿದ್ಯೆಯಲ್ಲಿ ಮಕ್ಕಳ ಕಣ್ಣರಳಿಸುವ ಭಾಗ ಟಾರ್ಪಿಡೊ. ವಿಮಾನದಿಂದ ಬಿಟ್ಟ ಟಾರ್ಪಿಡೊ ನೀರಿಗೆ ಬಿದ್ದ ರಭಸಕ್ಕೆ ಮೊದಲು ಆಳಕ್ಕೆ, ನೂರು ಅಡಿಯವರೆಗೂ ಮುಳುಗಿ, ಆಮೇಲೆ ಮೇಲೆದ್ದು ಹಡಗಿನ ಕಡೆಗೆ ಓಡುತ್ತದೆ. ಪರ್ಲ್ ಹಾರ್ಬರ್‌ನ ನೀರಿನ ಆಳ ಸುಮಾರು ನಲವತ್ತು ಅಡಿ. ಬಿಟ್ಟ ಟಾರ್ಪಿಡೊ ಕೆಸರಿಗೆ ಹೂತುಹೋಗುತ್ತದೆ ಎಂಬುದು ಅಮೆರಿಕದವರ ಧೈರ್ಯ. ಹಾಗಾಗಿಯೇ ಹಡಗುಗಳ ಸುತ್ತ ರಕ್ಷಣಾ ಬಲೆ ಕಟ್ಟಿರಲಿಲ್ಲ. ಬಲೆ ಕಟ್ಟಿದರೆ ಇಕ್ಕಟ್ಟಾದ ಬಂದರಿನಲ್ಲಿ ಹಡಗುಗಳ ಓಡಾಟಕ್ಕೂ ಅಡ್ಡಿ.

1940ರ ನವೆಂಬರ್‌ನಲ್ಲಿ ಇಟಲಿಯ ಟರಾಂಟೊ ಬಂದರಿನಲ್ಲಿ ಬ್ರಿಟಿಷರ 21 ಹಳೆಯ ಎರಡು ರೆಕ್ಕೆಪದರದ ವಿಮಾನಗಳು ಒಂದೇ ರಾತ್ರಿ ಮೂರು ದೊಡ್ಡ ಯುದ್ಧನೌಕೆಗಳನ್ನು ಟಾರ್ಪಿಡೊದಿಂದ ಕೆಡವಿದ್ದವು. ಅಲ್ಲಿಯೂ ನೀರು ಆಳವಿರಲಿಲ್ಲ. ಈ ಸುದ್ದಿಯನ್ನು ಜಪಾನ್ ಓದಿತು, ಅಮೆರಿಕವೂ ಓದಿತು. ಜಪಾನಿನವರು ತಮ್ಮ ಕಾಗೊಶಿಮಾ ಕೊಲ್ಲಿಯಲ್ಲಿ ತೀರ ಕೆಳಗೆ ಹಾರಿ ಟಾರ್ಪಿಡೊ ಬಿಡುವ ಅಭ್ಯಾಸವನ್ನು ತಿಂಗಳುಗಟ್ಟಲೆ ಮಾಡಿದರು. ಟಾರ್ಪಿಡೊದ ಬಾಲಕ್ಕೆ ಮರದ ರೆಕ್ಕೆಗಳನ್ನು ಕಟ್ಟಿದರು. ಗಾಳಿಯಲ್ಲಿ ಬೀಳುವಾಗ ಆ ರೆಕ್ಕೆ ಟಾರ್ಪಿಡೊ ಮುಗ್ಗರಿಸದಂತೆ ಹಿಡಿದಿಡುತ್ತದೆ, ನೀರಿಗೆ ತಾಗಿದ ಕೂಡಲೇ ಮುರಿದು ಕಳಚಿಕೊಳ್ಳುತ್ತದೆ. ಟಾರ್ಪಿಡೊ ಹೆಚ್ಚು ಮುಳುಗದೆ ನೇರ ಓಡುತ್ತದೆ. ತರಗತಿಯಲ್ಲಿ ಪೆನ್ಸಿಲ್ಲಿಗೆ ರಟ್ಟಿನ ರೆಕ್ಕೆ ಕಟ್ಟಿ ಬಕೆಟ್ ನೀರಿಗೆ ಬಿಟ್ಟು ತೋರಿಸಲು ಹೋಗಿ ಸಾಕಷ್ಟು ನೆಲ ಒದ್ದೆ ಮಾಡಿದ್ದೇನೆ. ಪ್ರಯೋಗ ಸರಿಯಾಗಿ ನಡೆದದ್ದು ಕಡಿಮೆ, ಆದರೆ ಮಕ್ಕಳು ಮರೆಯುವುದಿಲ್ಲ.

ಅಕಾಗಿ, ಕಾಗಾ, ಸೊರ್ಯು, ಹಿರ್ಯು, ಶೊಕಾಕು, ಜುಯಿಕಾಕು ಎಂಬ ಆರು ವಿಮಾನವಾಹಕ ನೌಕೆಗಳು ನವೆಂಬರ್ 26ರಂದು ಜಪಾನಿನ ಉತ್ತರ ತುದಿಯಾಚೆಯ ಕುರಿಲ್ ದ್ವೀಪಗಳಿಂದ ಹೊರಟವು. ನಾಯಕ ಚುಯಿಚಿ ನಗುಮೊ. ವ್ಯಾಪಾರದ ಹಡಗುಗಳು ಸುಳಿಯದ, ಚಳಿಗಾಲದ ಬಿರುಗಾಳಿಯ ಉತ್ತರ ಪೆಸಿಫಿಕ್ ದಾರಿ ಹಿಡಿದು, ರೇಡಿಯೊ ಪೂರ್ತಿ ಮೌನವಾಗಿಟ್ಟು ಬಂದವು.

ಇಂಥ ದಾಳಿಯನ್ನು ಯಾರೂ ಊಹಿಸಿರಲಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. 1932ರ ಫೆಬ್ರವರಿ 7ರಂದು ಅಮೆರಿಕದ ನೌಕಾಪಡೆಯದೇ ಒಂದು ಸಮರಾಭ್ಯಾಸದಲ್ಲಿ ಅಡ್ಮಿರಲ್ ಹ್ಯಾರಿ ಯಾರ್ನೆಲ್ ಎರಡು ವಿಮಾನವಾಹಕ ನೌಕೆಗಳೊಂದಿಗೆ ಬಂದು ಬೆಳಕು ಹರಿಯುವ ಹೊತ್ತಿಗೆ ಪರ್ಲ್ ಹಾರ್ಬರ್ ಮೇಲೆ ಅಣಕು ದಾಳಿ ಮಾಡಿ, ರಕ್ಷಕರನ್ನು ನಿದ್ದೆಯಲ್ಲಿ ಹಿಡಿದಿದ್ದ. ಅಂದೂ ಭಾನುವಾರ. 1904ರಲ್ಲಿ ರಷ್ಯಾದ ಪೋರ್ಟ್ ಆರ್ಥರ್ ಬಂದರಿನ ಮೇಲೆ ಯುದ್ಧ ಘೋಷಿಸುವ ಮೊದಲೇ ರಾತ್ರೋರಾತ್ರಿ ಎರಗಿದ್ದೂ ಇದೇ ಜಪಾನ್.

ಗೊತ್ತಿದ್ದವರು, ಗೊತ್ತಿಲ್ಲದವರು

ಈಗ ನಿಜವಾದ ಜಟಿಲ ಭಾಗ. ನಾನಿದನ್ನು ಹೇಳುವುದು ಎರಡು ಊರುಗಳ ಕಥೆಯಾಗಿ: ವಾಷಿಂಗ್ಟನ್ ಮತ್ತು ಹೊನೊಲುಲು.

ವಾಷಿಂಗ್ಟನ್ನಿನವರು ಜಪಾನಿನ ವಿದೇಶಾಂಗ ಇಲಾಖೆಯ ಗೂಢಲಿಪಿಯನ್ನು ಒಡೆದಿದ್ದರು. 'ಪರ್ಪಲ್' ಎಂದು ಅವರಿಟ್ಟ ಹೆಸರು. ಟೋಕಿಯೊ ತನ್ನ ರಾಯಭಾರಿಗಳಿಗೆ ಬರೆದದ್ದನ್ನು ಇವರು ಓದುತ್ತಿದ್ದರು. ಆದರೆ ಯಾವ ಹಡಗು ಎಲ್ಲಿ ದಾಳಿ ಮಾಡುತ್ತದೆ ಎಂದು ಟೋಕಿಯೊ ತನ್ನ ರಾಯಭಾರಿಗಳಿಗೆ ಹೇಳುತ್ತಲೇ ಇರಲಿಲ್ಲ. ಅದು ಇದ್ದದ್ದು ನೌಕಾಪಡೆಯ ಬೇರೊಂದು ಗೂಢಲಿಪಿಯಲ್ಲಿ; ಅದನ್ನು ಉಪಯೋಗಕ್ಕೆ ಬರುವಷ್ಟು ಒಡೆಯಲು ಇನ್ನೂ ಆಗಿರಲಿಲ್ಲ. ಎಲ್ಲವನ್ನೂ ಓದುತ್ತಿದ್ದರು, ಬೇಕಾದದ್ದೊಂದನ್ನು ಬಿಟ್ಟು.

ಬೇಕಾದದ್ದರ ಹತ್ತಿರಕ್ಕೆ ಬಂದ ಒಂದು ಸಂದೇಶ ಇತ್ತು. ಹೊನೊಲುಲುವಿನ ಜಪಾನಿ ಕಾನ್ಸುಲ್ ಕಚೇರಿಯಲ್ಲಿ ಗುಮಾಸ್ತನ ವೇಷದಲ್ಲಿ ತಾಕೆಒ ಯೊಶಿಕಾವಾ ಎಂಬ ನೌಕಾ ಗೂಢಚಾರನಿದ್ದ. ಪರ್ಲ್ ಹಾರ್ಬರನ್ನು ಐದು ಭಾಗ ಮಾಡಿ, ಯಾವ ಭಾಗದಲ್ಲಿ ಯಾವ ಹಡಗು ನಿಂತಿದೆ ಎಂದು ತಿಳಿಸಲು ಸೆಪ್ಟೆಂಬರ್‌ನಲ್ಲಿ ಟೋಕಿಯೊ ಕೇಳಿತು. ವಾಷಿಂಗ್ಟನ್ ಇದನ್ನು ಅಕ್ಟೋಬರ್‌ನಲ್ಲೇ ಓದಿತು. ಜಪಾನಿಯರು ಎಲ್ಲ ಬಂದರುಗಳ ಬಗ್ಗೆಯೂ ಹೀಗೆ ವಿಚಾರಿಸುತ್ತಿರುತ್ತಾರೆ ಎಂದುಕೊಂಡು ಬದಿಗಿಟ್ಟಿತು. ಹವಾಯಿಯ ಸೇನಾಧಿಪತಿಗಳಿಗೆ ಕಳಿಸಲಿಲ್ಲ. ಕಳಿಸಿದರೆ ಗೂಢಲಿಪಿ ಒಡೆದ ಗುಟ್ಟು ರಟ್ಟಾದೀತೆಂಬ ಭಯ. ಗುಟ್ಟನ್ನು ಎಷ್ಟು ಬಿಗಿಯಾಗಿ ಕಾಯ್ದರೆಂದರೆ ಅದರಿಂದ ಪ್ರಯೋಜನವಾಗಬೇಕಿದ್ದವರಿಗೇ ಅದು ತಲುಪಲಿಲ್ಲ.

ಹೊನೊಲುಲುವಿನವರಿಗೆ ತಲುಪಿದ್ದು ನವೆಂಬರ್ 27ರ ಎಚ್ಚರಿಕೆ. ಇದನ್ನು ಯುದ್ಧದ ಎಚ್ಚರಿಕೆ ಎಂದೇ ಪರಿಗಣಿಸಬೇಕು ಎಂದು ನೌಕಾಪಡೆಯ ಸಂದೇಶ ನೇರವಾಗಿ ಹೇಳಿತು. ದಾಳಿಯಾಗಬಹುದಾದ ಜಾಗಗಳೆಂದು ಅದು ಹೆಸರಿಸಿದ್ದು ಫಿಲಿಪೀನ್ಸ್, ಥಾಯ್ಲೆಂಡ್, ಮಲಯದ ಕಡೆಯವನ್ನು, ಹವಾಯಿಯ ಹೆಸರಿರಲಿಲ್ಲ. ನೌಕಾಪಡೆಯ ಅಡ್ಮಿರಲ್ ಹಸ್ಬೆಂಡ್ ಕಿಮ್ಮೆಲ್ ಮತ್ತು ಭೂಸೇನೆಯ ಜನರಲ್ ವಾಲ್ಟರ್ ಶಾರ್ಟ್ ಇಬ್ಬರೂ ಎಚ್ಚೆತ್ತರು, ಆದರೆ ಬೇರೆ ಕಡೆಗೆ ಮುಖ ಮಾಡಿ. ಹವಾಯಿಯ ಜನರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಜಪಾನಿ ಮೂಲದವರು. ಅಪಾಯ ಇವರಿಂದಲೇ ಬರುತ್ತದೆ, ರಾತ್ರಿ ಬೇಲಿ ಹಾರಿ ಬಂದು ವಿಮಾನಗಳಿಗೆ ಬೆಂಕಿ ಇಡುತ್ತಾರೆ ಎಂದು ಶಾರ್ಟ್ ನಂಬಿದ. ಕಾವಲು ಕಾಯಲು ಸುಲಭವಾಗಲೆಂದು ವಿಮಾನಗಳನ್ನು ಬಯಲಿನಲ್ಲಿ ರೆಕ್ಕೆಗೆ ರೆಕ್ಕೆ ತಾಗುವಂತೆ ಸಾಲಾಗಿ ನಿಲ್ಲಿಸಿದ. ಕಳ್ಳನ ಭಯಕ್ಕೆ ಅದು ಸರಿಯಾದ ವ್ಯವಸ್ಥೆ. ಆಕಾಶದಿಂದ ಬರುವವನಿಗೆ ಅದಕ್ಕಿಂತ ಒಳ್ಳೆಯ ಗುರಿ ಇಲ್ಲ.

ನೆರೆಯವನ ಮೇಲಿನ ಸಂಶಯ ಆಕಾಶದ ಕಡೆಗೆ ನೋಡದಂತೆ ಮಾಡಿತು. ಈ ಪಾಠದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ. ದಾಳಿಯ ನಂತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸುಮಾರು 1,20,000 ಜಪಾನಿ ಮೂಲದವರನ್ನು, ಅವರಲ್ಲಿ ಮೂರನೆಯ ಎರಡು ಪಾಲು ಅಮೆರಿಕದ ನಾಗರಿಕರೇ, ಮನೆ ಅಂಗಡಿಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿದರು. ಅಧ್ಯಕ್ಷ ರೂಸ್‌ವೆಲ್ಟ್ ಅದಕ್ಕೆ ದಾರಿ ಮಾಡಿದ ಆದೇಶಕ್ಕೆ ಸಹಿ ಹಾಕಿದ್ದು 1942ರ ಫೆಬ್ರವರಿ 19ರಂದು. ಅದು ತಪ್ಪೆಂದು ಒಪ್ಪಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಬರಲು 1988ರ ತನಕ ಕಾಯಬೇಕಾಯಿತು. ದಾಳಿ ನಡೆದ ಹವಾಯಿಯಲ್ಲೇ ಮಾತ್ರ ಹೀಗೆ ಎಲ್ಲರನ್ನೂ ಸಾಗಿಸಲಿಲ್ಲ. ಅಷ್ಟು ಜನರನ್ನು ತೆಗೆದರೆ ದ್ವೀಪದ ಕೆಲಸ ನಡೆಯುತ್ತಿರಲಿಲ್ಲ.

ಹಾಗಾದರೆ ರೂಸ್‌ವೆಲ್ಟ್‌ಗೆ ಎಲ್ಲ ಮೊದಲೇ ಗೊತ್ತಿತ್ತು, ಯುದ್ಧಕ್ಕೆ ಇಳಿಯಲು ನೆಪ ಬೇಕಿತ್ತು, ಅದಕ್ಕೇ ಬಿಟ್ಟುಕೊಟ್ಟರು ಎಂದು ಯಾವುದಾದರೂ ವಿಡಿಯೊ ನೋಡಿಬಂದ ಹುಡುಗ ಹೇಳಿಯೇ ಹೇಳುತ್ತಾನೆ. ಗದರಿಸಿ ಕೂರಿಸುವುದು ತಪ್ಪು. ಅವನ ಬಲವಾದ ಪುರಾವೆಯನ್ನೇ ಎತ್ತಿಕೊಳ್ಳಬೇಕು. 'ಅಮೆರಿಕದ ವಿಮಾನವಾಹಕ ನೌಕೆಗಳು ಅಂದು ಬಂದರಿನಲ್ಲಿ ಇರಲಿಲ್ಲ, ಬೇಕೆಂದೇ ಬಚಾವು ಮಾಡಿದರು.' ಎಂಟರ್‌ಪ್ರೈಸ್ ಎಂಬ ನೌಕೆ ವೇಕ್ ದ್ವೀಪಕ್ಕೆ ಯುದ್ಧವಿಮಾನ ಮುಟ್ಟಿಸಿ ಹಿಂದಿರುಗುತ್ತಿತ್ತು. ಡಿಸೆಂಬರ್ 6ಕ್ಕೇ ಬಂದರು ಸೇರಬೇಕಿದ್ದದ್ದು ಬಿರುಗಾಳಿಯಿಂದ ತಡವಾಯಿತು. ಬಚಾವು ಮಾಡಿದ್ದು ಹವಾಮಾನ. ಅಲ್ಲದೆ ವಿಮಾನವಾಹಕ ನೌಕೆಯೇ ಯುದ್ಧದ ಮುಖ್ಯ ಅಸ್ತ್ರ ಎಂದು ನಮಗೆ ಅನಿಸುವುದು ಆಮೇಲಿನ ಕಥೆ ಗೊತ್ತಿರುವುದರಿಂದ. 1941ರಲ್ಲಿ ಭಾರಿ ಫಿರಂಗಿಗಳ ಯುದ್ಧನೌಕೆಯೇ ನೌಕಾಪಡೆಯ ಕಿರೀಟ, ಮತ್ತು ಅಂಥ ಎಂಟು ಅಂದು ಬಂದರಿನಲ್ಲಿದ್ದವು.

ಇತಿಹಾಸಕಾರ್ತಿ ರಾಬರ್ಟಾ ವೋಲ್‌ಸ್ಟೆಟರ್ 1962ರಲ್ಲಿ ಇದನ್ನು ಸಂಕೇತ ಮತ್ತು ಗದ್ದಲ ಎಂಬ ಎರಡು ಮಾತಿನಲ್ಲಿ ವಿವರಿಸಿದರು. ಸಂತೆಯಲ್ಲಿ ನಿಮ್ಮ ಹೆಸರು ಕೂಗಿದವರಿದ್ದಾರೆ. ಆದರೆ ಅದೇ ಹೊತ್ತಿಗೆ ನೂರು ಜನ ನೂರು ಹೆಸರು ಕೂಗುತ್ತಿದ್ದಾರೆ. ಸಂತೆ ಮುಗಿದು ಬಯಲು ಖಾಲಿಯಾದ ಮೇಲೆ ಆ ಒಂದು ಕೂಗು ಮಾತ್ರ ನೆನಪಾಗಿ, ಹೇಗೆ ಕೇಳಿಸದೆ ಹೋಯಿತು ಎನಿಸುತ್ತದೆ.

ಒಮ್ಮೆ ಒಬ್ಬ ಹುಡುಗ ಇದನ್ನು ಅಶ್ವತ್ಥಾಮ ಇರುಳಿನಲ್ಲಿ ಪಾಂಡವರ ಪಾಳೆಯಕ್ಕೆ ನುಗ್ಗಿದ್ದಕ್ಕೆ ಹೋಲಿಸಿದ. ಹೋಲಿಕೆ ಚೆನ್ನಾಗಿದೆ, ನಮ್ಮ ಮಕ್ಕಳಿಗೆ ಅದು ಬೇಗ ತಟ್ಟುತ್ತದೆ. ಆದರೆ ಆ ದಾರಿಯಲ್ಲಿ ಹೋದರೆ ಚರ್ಚೆಯೆಲ್ಲ ಧರ್ಮವೋ ಅಧರ್ಮವೋ ಎಂಬಲ್ಲೇ ನಿಲ್ಲುತ್ತದೆ. ನನಗೆ ಬೇಕಾದ ಪ್ರಶ್ನೆ ಬೇರೆ: ಪಾಳೆಯದ ಬಾಗಿಲಲ್ಲಿದ್ದವನು ಏನು ಕಂಡ, ಯಾರಿಗೆ ಹೇಳಿದ?

ಬಾಗಿಲಲ್ಲಿದ್ದವನು ಕಂಡದ್ದೂ ಇದೆ. ಅಂದು 6:45ರ ಸುಮಾರಿಗೆ, ರೇಡಾರ್ ಗುರುತಿಗೂ ಮೊದಲೇ, ವಾರ್ಡ್ ಎಂಬ ವಿಧ್ವಂಸಕ ನೌಕೆ ಬಂದರಿನ ಬಾಯಲ್ಲಿ ಒಳನುಸುಳುತ್ತಿದ್ದ ಜಪಾನಿನ ಪುಟ್ಟ ಜಲಾಂತರ್ಗಾಮಿಯೊಂದಕ್ಕೆ ಗುಂಡು ಹಾರಿಸಿ ಮುಳುಗಿಸಿತು. ಕೂಡಲೇ ವರದಿಯನ್ನೂ ಕಳಿಸಿತು. ಈ ಹಿಂದೆ ತಿಮಿಂಗಿಲಗಳಿಗೂ ಹೀಗೆ ಹೊಡೆದು ವರದಿ ಮಾಡಿದ್ದುಂಟು, ಮೊದಲು ಖಚಿತಪಡಿಸಿಕೊಳ್ಳೋಣ ಎಂದು ಮೇಲಿನವರು ಫೋನಿನಲ್ಲಿ ಮಾತಾಡುತ್ತಿರುವಾಗಲೇ ವಿಮಾನಗಳು ಬಂದವು. ಆ ಪುಟ್ಟ ಜಲಾಂತರ್ಗಾಮಿಯ ಅವಶೇಷ 2002ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕಿತು. ವಾರ್ಡ್‌ನವರು ಹೇಳಿದ್ದು ನಿಜವೆಂದು ಕಣ್ಣಾರೆ ಕಂಡು ಒಪ್ಪಲು ಅರವತ್ತು ವರ್ಷ ಬೇಕಾಯಿತು.

ದಾಳಿಯ ಎರಡು ಗಂಟೆಗಳನ್ನು ನಾನು ಬೇಗ ಮುಗಿಸುತ್ತೇನೆ. 7:55ಕ್ಕೆ ಬಂದರಿನ ಮೇಲೆ ಮೊದಲ ಬಾಂಬು. ಎರಡು ಅಲೆಗಳಲ್ಲಿ ಸುಮಾರು 350 ವಿಮಾನಗಳು. ಎಂಟಕ್ಕೆ ಸರಿಯಾಗಿ ಧ್ವಜ ಏರಿಸುವ ಪದ್ಧತಿಯಂತೆ ನೆವಾಡಾ ಹಡಗಿನ ವಾದ್ಯದವರು ರಾಷ್ಟ್ರಗೀತೆ ನುಡಿಸಲು ಶುರು ಮಾಡಿದ್ದರು. ಗುಂಡು ಹಾರುತ್ತಿರುವಾಗಲೂ ಕೊನೆಯ ಸ್ವರದವರೆಗೆ ನುಡಿಸಿಯೇ ಓಡಿದರು. 8:06ರ ಹೊತ್ತಿಗೆ ಅರಿಜೋನಾ ಹಡಗಿನ ಮದ್ದಿನ ಕೋಣೆಗೆ ಬಾಂಬು ತಾಗಿ ಅದೊಂದರಲ್ಲೇ 1,177 ಜನ ಸತ್ತರು. ಅಂದು ಸತ್ತ ಅಮೆರಿಕದವರು ಒಟ್ಟು 2,403; ಅವರಲ್ಲಿ 68 ಮಂದಿ ಊರಿನ ಸಾಮಾನ್ಯ ಜನ. ಜಪಾನ್ ಕಳೆದುಕೊಂಡದ್ದು 29 ವಿಮಾನ, ಐದು ಪುಟ್ಟ ಜಲಾಂತರ್ಗಾಮಿ, 64 ಜನ. ಎಂಟು ಯುದ್ಧನೌಕೆಗಳಲ್ಲಿ ಆರು ದುರಸ್ತಿಯಾಗಿ ಮತ್ತೆ ಯುದ್ಧಕ್ಕೆ ಬಂದವು. 45 ಲಕ್ಷ ಬ್ಯಾರೆಲ್ ಎಣ್ಣೆ ತುಂಬಿದ ತೊಟ್ಟಿಗಳು ಬಯಲಲ್ಲೇ ನಿಂತಿದ್ದವು, ಅವನ್ನು ಯಾರೂ ಮುಟ್ಟಲಿಲ್ಲ. ಎಣ್ಣೆಗಾಗಿ ಯುದ್ಧ ಹೂಡಿದವರು ಎದುರಾಳಿಯ ಎಣ್ಣೆಯನ್ನೇ ಬಿಟ್ಟು ಹೋದರು. ಸರಿಯಾಗಿ ಆರು ತಿಂಗಳ ನಂತರ, 1942ರ ಜೂನ್‌ನಲ್ಲಿ, ಮಿಡ್‌ವೇ ಕದನದಲ್ಲಿ ಆ ಆರು ವಾಹಕಗಳ ಪೈಕಿ ನಾಲ್ಕು ಮುಳುಗಿದವು.

ಅದೇ ಇರುಳು, ನಮ್ಮ ಕಡೆ

ಇದೆಲ್ಲ ನಮಗೆ ದೂರದ ಕಥೆ ಎಂದು ಮಕ್ಕಳಿಗೆ ಅನಿಸುವ ಹೊತ್ತಿಗೆ ಭೂಪಟದಲ್ಲಿ ಬೆರಳನ್ನು ಪಶ್ಚಿಮಕ್ಕೆ ಸರಿಸಿ ಮಲಯದ ಕೋಟ ಭಾರುವಿನಲ್ಲಿ ನಿಲ್ಲಿಸುತ್ತೇನೆ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬೀಳುವ ಒಂದು ಗಂಟೆಗೂ ಮೊದಲೇ ಜಪಾನಿನ ಪಡೆಗಳು ಆ ಕಡಲತೀರಕ್ಕೆ ಇಳಿದಿದ್ದವು. ಅವರನ್ನು ಎದುರಿಸಿ ಮರಳಿನ ಕಂದಕಗಳಲ್ಲಿ ಕಾದವರು ಭಾರತೀಯ ಸೈನಿಕರು, ಡೋಗ್ರಾ ರೆಜಿಮೆಂಟಿನವರು. ಪೆಸಿಫಿಕ್ ಯುದ್ಧದ ಮೊದಲ ಹೊಡೆತ ತಿಂದವರು ನಮ್ಮವರೇ, ಆದರೆ ಈ ಯುದ್ಧದ ಕಥೆ ಎಲ್ಲರಿಗೂ ಹವಾಯಿಯಿಂದಲೇ ಶುರುವಾಗುತ್ತದೆ. ಎಪ್ಪತ್ತು ದಿನದಲ್ಲಿ, 1942ರ ಫೆಬ್ರವರಿ 15ರಂದು, ಸಿಂಗಾಪುರ ಶರಣಾಯಿತು. ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿ ದಳದ ಒಂದು ಬೆಟಾಲಿಯನ್ ಕೂಡ ಇತ್ತು. ಆ ಭಾರತೀಯ ಸೆರೆಯಾಳುಗಳಿಂದಲೇ ಆಜಾದ್ ಹಿಂದ್ ಫೌಜ್ ಹುಟ್ಟಿತು.

ಇನ್ನೊಂದು ಎಳೆ ಬೆಂಗಳೂರಿಗೇ ಬರುತ್ತದೆ. ದಾಳಿಯ ಮೊದಲ ಏಟುಗಳು ಬಿದ್ದದ್ದು ಬಂದರಿನ ಮೇಲಲ್ಲ, ದ್ವೀಪದ ಇನ್ನೊಂದು ಬದಿಯ ಕನೆಒಹೆ ಎಂಬಲ್ಲಿದ್ದ ಕ್ಯಾಟಲಿನಾ ವಿಮಾನಗಳ ಮೇಲೆ. ನೀರಿನ ಮೇಲೆ ಇಳಿಯುವ, ದೋಣಿಯಂಥ ಹೊಟ್ಟೆಯ, ದೂರದ ಸಮುದ್ರದ ಮೇಲೆ ಕಣ್ಣಿಡಲು ಇದ್ದ ವಿಮಾನಗಳವು. ನೆಲೆಯಲ್ಲಿದ್ದ 33ರಲ್ಲಿ ಹಾರಬಲ್ಲದ್ದು ಒಂದೂ ಉಳಿಯಲಿಲ್ಲ. ಅದೇ ಜಾತಿಯ ಕ್ಯಾಟಲಿನಾಗಳು ಮುಂದಿನ ವರ್ಷಗಳಲ್ಲಿ ದುರಸ್ತಿಗೆಂದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬರುತ್ತಿದ್ದವು. ಜಪಾನ್ ವಿರುದ್ಧದ ಯುದ್ಧಕ್ಕಾಗಿ 1943ರಲ್ಲಿ ಅಮೆರಿಕದ ವಾಯುಸೇನೆ ಆ ಕಾರ್ಖಾನೆಯ ಕೆಲಸ ವಹಿಸಿಕೊಂಡಿತ್ತು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇಂದು ನೊರೆಯಿಂದಲೇ ಸುದ್ದಿಯಾಗುವ ಆ ಕೆರೆಯಲ್ಲಿ ವಿಮಾನ ಇಳಿಯುತ್ತಿತ್ತು ಎಂದರೆ ಮಕ್ಕಳು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಇಷ್ಟರ ನಡುವೆ ಒಂದು ಲೆಕ್ಕವನ್ನೂ ಮಾಡಿಸಿರುತ್ತೇನೆ. ಹವಾಯಿಯ ಗಡಿಯಾರ ಆಗ ಗ್ರೀನಿಚ್‌ಗಿಂತ ಹತ್ತೂವರೆ ಗಂಟೆ ಹಿಂದೆ, ವಾಷಿಂಗ್ಟನ್ ಐದು ಗಂಟೆ ಹಿಂದೆ, ಟೋಕಿಯೊ ಒಂಬತ್ತು ಗಂಟೆ ಮುಂದೆ. ಹವಾಯಿಯಲ್ಲಿ ಭಾನುವಾರ ಬೆಳಗ್ಗೆ 7:55 ಆದಾಗ ವಾಷಿಂಗ್ಟನ್ನಿನಲ್ಲಿ ಮಧ್ಯಾಹ್ನ 1:25, ಟೋಕಿಯೊದಲ್ಲಿ ಸೋಮವಾರ ನಸುಕಿನ 3:25. ಜಪಾನಿನ ಮಕ್ಕಳು ಈ ದಾಳಿಯ ತಾರೀಖನ್ನು ಡಿಸೆಂಬರ್ 8 ಎಂದು ಓದುವುದು ಅದಕ್ಕೇ. ನಮ್ಮ ಇಂದಿನ ಕಾಲಮಾನದಲ್ಲಿ ಎಷ್ಟಾಗುತ್ತದೆ ಎಂದು ಕೇಳಿದರೆ ಜಾಣರು ತಕ್ಷಣ ಹೇಳುತ್ತಾರೆ: ರಾತ್ರಿ 11:55.

ಈ ಹೊತ್ತಿಗೆ ಬಾಗಿಲ ಬಳಿ ಲಕೋಟೆಯ ಹುಡುಗ ಬಂದು ನಿಂತಿರುತ್ತಾನೆ. ಒಳಗಿರುವ ಹಾಳೆ ಅಂದಿನ ಬೆಳಗ್ಗೆ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ವಾಷಿಂಗ್ಟನ್ನಿನಿಂದ ಹವಾಯಿಗೆ ಕಳಿಸಿದ ಸಂದೇಶದ ಸಾರ. ಸೇನೆಯ ರೇಡಿಯೊ ಸಂಪರ್ಕ ಹವಾಮಾನದಿಂದ ಕೆಟ್ಟಿತ್ತು. ಫೋನ್ ಮಾಡಿದರೆ ಕದ್ದು ಕೇಳಿಯಾರೆಂಬ ಅಂಜಿಕೆ. ಹಾಗಾಗಿ ಅದು ಸಾಮಾನ್ಯ ಜನರ ಟೆಲಿಗ್ರಾಂ ಕಂಪನಿಯ ಮೂಲಕ ಹೋಯಿತು. ಹೊನೊಲುಲುವಿನ ಕಚೇರಿಗೆ ತಲುಪಿದ್ದು 7:33ಕ್ಕೆ. ತುರ್ತು ಎಂಬ ಗುರುತು ಅದರ ಮೇಲಿರಲಿಲ್ಲ. ಮೋಟಾರ್‌ಸೈಕಲ್ಲಿನಲ್ಲಿ ಅದನ್ನು ಹೊತ್ತು ಹೊರಟ ಹುಡುಗ ಜಪಾನಿ ಮೂಲದವನೇ. ಬಾಂಬು ಬೀಳುತ್ತಿದ್ದ ರಸ್ತೆಗಳಲ್ಲಿ, ತಡೆಗಳನ್ನು ದಾಟಿ, ಅವನು ಸೇನಾ ಕಚೇರಿಗೆ ಮುಟ್ಟಿಸಿದಾಗ ಮಧ್ಯಾಹ್ನದ ಹತ್ತಿರ. ಗೂಢಲಿಪಿ ಬಿಡಿಸಿ ಜನರಲ್ ಶಾರ್ಟ್ ಕೈಗೆ ಸಿಕ್ಕಾಗ ದಾಳಿ ಮುಗಿದು ಗಂಟೆಗಳೇ ಕಳೆದಿದ್ದವು. ಅಡ್ಮಿರಲ್ ಕಿಮ್ಮೆಲ್ ತನ್ನ ಪ್ರತಿಯನ್ನು ಮುದುಡಿ ಕಸದ ಬುಟ್ಟಿಗೆ ಎಸೆದ.

ಈ ಸಲ ಹಾಳೆ ಓದಿದ್ದು ಹಿಂದಿನ ಬೆಂಚಿನ ಇನ್ನೊಬ್ಬ ಹುಡುಗಿ. ಜಪಾನಿನವರು ಇಂದು ವಾಷಿಂಗ್ಟನ್ ಸಮಯ ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ಎಚ್ಚರಿಕೆ ಎನ್ನಬಹುದಾದ ಪತ್ರ ಕೊಡಲಿದ್ದಾರೆ. ಆ ಗಂಟೆಗೇ ಯಾಕೆ ಎಂಬುದರ ಮಹತ್ವ ನಮಗೆ ತಿಳಿದಿಲ್ಲ, ಆದರೂ ಎಚ್ಚರದಿಂದಿರಿ.

ಅವಳು ಓದುವುದನ್ನು ನಿಲ್ಲಿಸಿ ತನ್ನ ನೋಟ್‌ಬುಕ್ಕಿನ ಲೆಕ್ಕದ ಮೇಲೆ ಬೆರಳಿಟ್ಟಳು. 'ಮೇಡಂ, ಒಂದು ಗಂಟೆ ಎಂದರೆ ಹವಾಯಿಯಲ್ಲಿ ಬೆಳಗ್ಗೆ ಏಳೂವರೆ' ಎಂದಳು.